ಮ್ಯಾಪ್ ಇದ್ದರೂ ಗಾಡಿ ಪಕ್ಕದ ರಸ್ತೆಗೆ ಹಾರುವುದೇಕೆ?

ಓದುಗರ ಪ್ರಶ್ನೆ: ನಮ್ಮದು ಸಣ್ಣ ತಂಡ. ಸಾಗಾಟದ ಗಾಡಿಗಳು ಎಲ್ಲಿವೆ ಅಂತ ತೋರಿಸುವ ಸಾಫ್ಟ್‌ವೇರ್ ಮಾಡಿದ್ದೇವೆ. ಡ್ರೈವರ್‌ಗಳ ಫೋನಿನಿಂದ 10 ಸೆಕೆಂಡಿಗೊಮ್ಮೆ ಲೊಕೇಶನ್ ಬರುತ್ತದೆ. ಮೊದಲು ಬಿಂದುಗಳು ರಸ್ತೆ ಬಿಟ್ಟು ಕಟ್ಟಡಗಳ ಮೇಲೆ ಕೂರುತ್ತಿದ್ದವು. ಅದಕ್ಕೆ ಪ್ರತಿ ಬಿಂದುವನ್ನೂ ಹತ್ತಿರದ ರಸ್ತೆಗೆ ಅಂಟಿಸಿದೆವು. ನೋಡೋಕೆ ಚೆನ್ನಾಗಾಯಿತು, ಆದರೆ ಈಗ ಬೇರೆ ತಲೆನೋವು. ಹೆದ್ದಾರಿಯಲ್ಲಿ ನೆಟ್ಟಗೆ ಹೋಗುತ್ತಿರುವ ಗಾಡಿ ಒಮ್ಮೆ ಸರ್ವಿಸ್ ರೋಡಿನಲ್ಲಿ, ಒಮ್ಮೆ ಎದುರು ದಿಕ್ಕಿನ ರಸ್ತೆಯಲ್ಲಿ ಕಾಣುತ್ತದೆ. ಫ್ಲೈಓವರ್ ಮೇಲಿದೆಯೋ ಕೆಳಗಿದೆಯೋ ಗೊತ್ತಾಗುವುದಿಲ್ಲ. ಓಡಿದ ದೂರ ಗಾಡಿಯ ಮೀಟರಿಗಿಂತ ಜಾಸ್ತಿ ಬಂದು ಡ್ರೈವರ್‌ಗಳ ಜೊತೆ ದಿನಾ ಜಗಳ. ದುಬಾರಿ ಜಿಪಿಎಸ್ ರಿಸೀವರ್ ಹಾಕಿ ಅಂತ ಒಬ್ಬರು, ಮ್ಯಾಪೇ ಸರಿಯಿಲ್ಲ ಅಂತ ಇನ್ನೊಬ್ಬರು, ಪಾರ್ಟಿಕಲ್ ಫಿಲ್ಟರ್ (ಸಾವಿರಾರು ಊಹೆ ಹರಡಿ ಜಾಗ ಹುಡುಕುವ ಲೆಕ್ಕ) ಬೇಕು ಅಂತ ಮತ್ತೊಬ್ಬರು. ಇದರ ಮೇಲೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಗಾಡಿ ಯಾವ ಮಹಡಿಯಲ್ಲಿದೆ ಅಂತಲೂ ತೋರಿಸಿ ಅನ್ನುತ್ತಿದ್ದಾರೆ ಗ್ರಾಹಕರು. ಎಲ್ಲಿಂದ ಶುರು ಮಾಡೋಣ?

ಉತ್ತರ:

ನೀವು ಹೇಳಿದ ತೊಂದರೆಗಳು ಬೇರೆ ಬೇರೆ ಥರ ಕಂಡರೂ ಹೆಚ್ಚಿನವುಗಳ ಬೇರು ಒಂದೇ. ಮ್ಯಾಪನ್ನು ನೀವು ಎಲ್ಲ ಮುಗಿದ ಮೇಲೆ ಬಳಸುತ್ತಿದ್ದೀರಿ. ಫೋನು ಒಂದು ಬಿಂದು ಕೊಡುತ್ತದೆ. ಅದೇ ಕೊನೆಯ ಮಾತು ಅಂತ ತಗೊಂಡು ಹತ್ತಿರದ ಗೆರೆಗೆ ತಳ್ಳುತ್ತೀರಿ. ಇಲ್ಲಿ ಮ್ಯಾಪಿನಿಂದ ನೀವು ತಗೊಂಡಿದ್ದು ಗೆರೆ ಎಲ್ಲಿದೆ ಅನ್ನುವುದನ್ನು ಮಾತ್ರ. ಯಾವ ರಸ್ತೆ ಯಾವುದಕ್ಕೆ ಸೇರುತ್ತದೆ, ನಡುವೆ ಎಲ್ಲಿ ತಡೆಗೋಡೆ ಇದೆ, ಎಲ್ಲಿ ತಿರುಗಬಹುದು, ಯಾವುದು ಒನ್‌ವೇ, ಯಾವುದು ಮೇಲೆ ಯಾವುದು ಕೆಳಗೆ, ಇವೆಲ್ಲ ಅದೇ ಮ್ಯಾಪಿನಲ್ಲಿ ಸುಮ್ನೆ ಕೂತಿವೆ. ಗಾಡಿ ಎಲ್ಲಿದೆ ಅಂತ ತೀರ್ಮಾನಿಸುವಾಗಲೇ ಇವುಗಳನ್ನು ಕೇಳಬೇಕು. ಮ್ಯಾಪನ್ನು ಒಬ್ಬ ಸಾಕ್ಷಿಯ ಹಾಗೆ ಕೂರಿಸಿ: ಮಾತಿಗೆ ತೂಕ ಇದೆ, ಆದರೆ ಅವನು ಹೇಳಿದ್ದೇ ತೀರ್ಪಲ್ಲ.

ಇದು ಬರೀ ಪರದೆಯ ಚಂದದ ಪ್ರಶ್ನೆಯೂ ಅಲ್ಲ. ದೂರದ ಲೆಕ್ಕದ ಮೇಲೆ ಯಾರದೋ ದುಡಿಮೆಯ ಹಣ ನಿಂತಿದೆ. ಹೋಗದ ರಸ್ತೆಗೆ ಒಬ್ಬ ಡ್ರೈವರ್ ಉತ್ತರ ಕೊಡಬೇಕಾಗಿ ಬಂದರೆ ಅದು ಅನ್ಯಾಯ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮೊದಲು ಆ ದುಬಾರಿ ರಿಸೀವರ್ ವಿಷಯ. ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವಾಗ, ಸ್ಮಾರ್ಟ್‌ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸುಮಾರು 5 ಮೀಟರ್ ಒಳಗೆ ಇರುತ್ತದೆ. ರಸ್ತೆಯ ಒಂದು ಲೇನ್ ಅಗಲ ಮೂರು, ಮೂರೂವರೆ ಮೀಟರ್ ಅಷ್ಟೇ. ಅಂದರೆ ಒಳ್ಳೆಯ ಹೊತ್ತಿನಲ್ಲೂ ಅದು ಲೇನ್ ಹೇಳಲಾರದು. ಎತ್ತರದ ಕಟ್ಟಡಗಳ ನಡುವೆ ಇನ್ನೂ ಕಷ್ಟ. ಉಪಗ್ರಹದ ಸಿಗ್ನಲ್ ನೇರವಾಗಿ ಬರದೆ ಎದುರಿನ ಗೋಡೆಗೆ ಬಡಿದು ಬರುತ್ತದೆ, ಬಳಸಿ ಬಂದ ದೂರವನ್ನೇ ರಿಸೀವರ್ ನಿಜವಾದ ದೂರ ಅಂದುಕೊಳ್ಳುತ್ತದೆ, ಬಿಂದು ಹತ್ತಾರು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ನೆಲದ ಮೇಲಿನ ಒಂದು ಕೇಂದ್ರದಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್ ಮಟ್ಟದಲ್ಲಿ ಜಾಗ ಹೇಳುವ ಆರ್‌ಟಿಕೆ ರಿಸೀವರ್ ಬಯಲಿನಲ್ಲಿ ನಿಜಕ್ಕೂ ಅದ್ಭುತ. ಆದರೆ ಫ್ಲೈಓವರ್ ಕೆಳಗೆ ಸಿಗ್ನಲೇ ಸಿಗದಿದ್ದರೆ ಅದೂ ಕೈಚೆಲ್ಲುತ್ತದೆ. ಎಲ್1, ಎಲ್5 ಅನ್ನುವ ಎರಡೂ ಉಪಗ್ರಹ ತರಂಗ ಹಿಡಿಯುವ ಫೋನುಗಳು ಪ್ರತಿಫಲನವನ್ನು ಸ್ವಲ್ಪ ಚೆನ್ನಾಗಿ ಗುರುತಿಸುತ್ತವೆ, ಮುಂದೆ ಫೋನು ಬದಲಿಸುವಾಗ ಅಂಥದ್ದು ನೋಡಿ. ಸದ್ಯಕ್ಕೆ ಮಾತ್ರ ದುಡ್ಡು ಹಾಕಬೇಡಿ. ನಿಮ್ಮ ತೊಂದರೆ ಇರುವುದು ರಿಸೀವರ್ ಎಡವುವ ಜಾಗಗಳಲ್ಲೇ.

ಆಂಡ್ರಾಯ್ಡ್ ಪ್ರತಿ ಬಿಂದುವಿನ ಜೊತೆ ಒಂದು ಅಕ್ಯುರೆಸಿ ಸಂಖ್ಯೆ ಕೊಡುತ್ತದಲ್ಲ, ಅದನ್ನು ನೀವು ಬಳಸುತ್ತಿದ್ದೀರಾ? 8 ಮೀಟರ್ ಅಂತ ಬಂದರೆ ಬಿಂದು 8 ಮೀಟರ್ ಒಳಗೇ ಇದೆ ಅಂತ ಬಹಳ ಜನ ತಿಳಿಯುತ್ತಾರೆ. ಅದು ಹಾಗಲ್ಲ. ನಿಜವಾದ ಜಾಗ ಆ ವೃತ್ತದೊಳಗೆ ಇರುವ ಸಾಧ್ಯತೆ 68% ಅಂತ ಫೋನಿನ ಅಂದಾಜು. ಮೂರರಲ್ಲಿ ಒಂದು ಸಲ ಹೊರಗೆ ಇರಬಹುದು ಅಂತ ಅದೇ ಒಪ್ಪಿಕೊಂಡ ಹಾಗಾಯಿತು. ಕಟ್ಟಡಗಳ ನಡುವೆ ಈ ಅಂದಾಜೂ ಎಷ್ಟೋ ಸಲ ಅತಿ ನಂಬಿಕೆಯದ್ದೇ.

ಇನ್ನು ಮ್ಯಾಪ್ ಸರಿಯಿಲ್ಲ ಅನ್ನುವ ಮಾತು. ಇದರಲ್ಲಿ ಸ್ವಲ್ಪ ನಿಜ ಇದೆ. ಮ್ಯಾಪಿನಲ್ಲಿ ರಸ್ತೆ ಅಂದರೆ ಸಾಮಾನ್ಯವಾಗಿ ನಡುವಿನ ಒಂದು ಗೆರೆ. 14 ಮೀಟರ್ ಅಗಲದ ರಸ್ತೆಯ ಅಂಚಿನ ಲೇನಿನಲ್ಲಿ ಹೋಗುವ ಗಾಡಿ ಆ ಗೆರೆಯಿಂದ ಐದಾರು ಮೀಟರ್ ದೂರ ಇರುತ್ತದೆ, ಜಿಪಿಎಸ್ ಎಳ್ಳಷ್ಟೂ ತಪ್ಪಿಲ್ಲದಿದ್ದರೂ. ಗೆರೆ ಎಳೆದ ಉಪಗ್ರಹ ಚಿತ್ರವೇ ಕೆಲವು ಮೀಟರ್ ಸರಿದಿದ್ದರೆ ರಸ್ತೆಯೂ ಜೊತೆಗೇ ಸರಿದಿರುತ್ತದೆ. ಪರೀಕ್ಷೆ ಸುಲಭ. ಒಂದೇ ರಸ್ತೆಯಲ್ಲಿ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಎರಡೂ ದಿಕ್ಕಿಗೆ ಹೋದ ಗಾಡಿಗಳ ಕಚ್ಚಾ ಬಿಂದುಗಳನ್ನು ಮ್ಯಾಪಿನ ಮೇಲೆ ಹರಡಿ ನೋಡಿ. ಹೋಗುವಾಗಲೂ ಬರುವಾಗಲೂ ಬಿಂದುಗಳು ಗೆರೆಯ ಒಂದೇ ಪಕ್ಕಕ್ಕೆ ವಾಲಿದ್ದರೆ ಮ್ಯಾಪನ್ನು ಅನುಮಾನಿಸಿ. ಹೋಗುವಾಗ ಒಂದು ಪಕ್ಕ, ಬರುವಾಗ ಇನ್ನೊಂದು ಪಕ್ಕ ಅಂದರೆ ಅದು ಲೇನಿನ ಅಂತರ, ತಪ್ಪಲ್ಲ. ಹೊತ್ತಿಗೊಂದು ಕಡೆ ಚೆಲ್ಲಾಪಿಲ್ಲಿ ಆಗಿದ್ದರೆ ಅದು ಸಿಗ್ನಲ್‌ನ ಕಾಟ. ಅರ್ಧ ದಿನದ ಕೆಲಸ ಇದು, ವಾರಗಟ್ಟಲೆ ವಾದ ಉಳಿಸುತ್ತದೆ.

ಈಗ ನಿಮ್ಮ ಸರ್ವಿಸ್ ರೋಡ್ ಪ್ರಕರಣ. ಲೆಕ್ಕ ಹಾಕಿಯೇ ನೋಡೋಣ, ಯಾಕಂದರೆ ಹತ್ತಿರದ ರಸ್ತೆಗೆ ಅಂಟಿಸುವುದರಲ್ಲಿ ಏನು ಕಳೆದುಹೋಗುತ್ತದೆ ಅಂತ ಕಣ್ಣಿಗೆ ಕಾಣುವುದು ಇಲ್ಲೇ. ಹೆದ್ದಾರಿಯ ಗೆರೆಗೂ ಸರ್ವಿಸ್ ರೋಡಿನ ಗೆರೆಗೂ 12 ಮೀಟರ್ ಅಂತರ ಇದೆ ಅನ್ನಿ. ಬಿಂದು ನಡುವೆ ಬಿತ್ತು: ಸರ್ವಿಸ್ ರೋಡಿಗೆ 5 ಮೀಟರ್, ಹೆದ್ದಾರಿಗೆ 7 ಮೀಟರ್. ಜಿಪಿಎಸ್ ತಪ್ಪಿನ ಪ್ರಮಾಣ 6 ಮೀಟರ್, ಹಂಚಿಕೆ ಗಂಟೆಯಾಕಾರದ್ದು (ಸಣ್ಣ ತಪ್ಪು ಹೆಚ್ಚು, ದೊಡ್ಡ ತಪ್ಪು ಅಪರೂಪ) ಅಂತ ಇಟ್ಟುಕೊಂಡರೆ ಸರ್ವಿಸ್ ರೋಡಿನ ಸಾಧ್ಯತೆ 58%, ಹೆದ್ದಾರಿಯದ್ದು 42%. ಹೆಚ್ಚುಕಮ್ಮಿ ಸಮ. ನಿಮ್ಮ ಕೋಡ್ ಆ 42 ಅನ್ನು ಪೂರ್ತಿ ಎಸೆದು 58ನ್ನು 100 ಅಂತ ಬರೆದಿಡುತ್ತದೆ. ಮುಂದಿನ ಬಿಂದು ಒಂದೆರಡು ಮೀಟರ್ ಆಚೆ ಬಿದ್ದರೆ ಹೆದ್ದಾರಿಯನ್ನು 100 ಮಾಡುತ್ತದೆ. ಗಾಡಿ ಹಾರುತ್ತಿಲ್ಲ, ನಿಮ್ಮ ತೀರ್ಮಾನ ಹಾರುತ್ತಿದೆ.

ಇದರ ಬದಲು ಎರಡೂ ಸಾಧ್ಯತೆಯನ್ನು ಜೀವಂತ ಇಟ್ಟುಕೊಂಡು ಮುಂದಿನ ಬಿಂದುಗಳಿಗೆ ಕಾಯಿರಿ. ಹೆದ್ದಾರಿಯಿಂದ ಸರ್ವಿಸ್ ರೋಡಿಗೆ ಇಳಿಯುವ ಸಂದು 120 ಮೀಟರ್ ಮುಂದೆ ಇದೆ ಅಂತ ಮ್ಯಾಪ್ ಹೇಳುತ್ತದೆ ಅನ್ನಿ. 10 ಸೆಕೆಂಡಿನಲ್ಲಿ ಬಿಂದು ಸರಿದದ್ದು ಸುಮಾರು 100 ಮೀಟರ್. ಹೆದ್ದಾರಿಯಲ್ಲೇ ಹೋಗಿದ್ದರೆ ರಸ್ತೆಯ ದೂರವೂ 100ರ ಆಸುಪಾಸು, ಸರಿಹೊಂದುತ್ತದೆ. ಸರ್ವಿಸ್ ರೋಡಿಗೆ ದಾಟಿದೆ ಅನ್ನಬೇಕಾದರೆ ಸಂದಿನವರೆಗೆ ಹೋಗಿ ಇಳಿದು ಮತ್ತೆ ಹಿಂದಕ್ಕೆ ಬರಬೇಕು, ಅದೂ ಒನ್‌ವೇ ಮುರಿದು. ಆ ಕಥೆ ಅಲ್ಲಿಗೇ ಬಿದ್ದುಹೋಗುತ್ತದೆ. ಮೈಕ್ರೋಸಾಫ್ಟ್‌ನ ಪಾಲ್ ನ್ಯೂಸನ್ ಮತ್ತು ಜಾನ್ ಕ್ರಮ್ 2009ರಲ್ಲಿ ಪ್ರಕಟಿಸಿದ ಮ್ಯಾಪ್ ಮ್ಯಾಚಿಂಗ್ (ಬಿಂದುಗಳ ಸಾಲನ್ನು ರಸ್ತೆಗಳಿಗೆ ಹೊಂದಿಸುವ) ವಿಧಾನದ ತಿರುಳು ಇಷ್ಟೇ. ಬಿಂದು ಗೆರೆಯಿಂದ ಎಷ್ಟು ದೂರ ಅನ್ನುವುದಕ್ಕೆ ಒಂದು ಅಂಕ, ಎರಡು ಬಿಂದುಗಳ ನೇರ ದೂರಕ್ಕೂ ರಸ್ತೆಯ ದೂರಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಇನ್ನೊಂದು ಅಂಕ, ಕೊನೆಗೆ ಇಡೀ ಪ್ರಯಾಣಕ್ಕೆ ಒಟ್ಟಾರೆ ಚೆನ್ನಾಗಿ ಹೊಂದುವ ದಾರಿಯನ್ನು ವಿಟರ್ಬಿ ಅನ್ನುವ ಲೆಕ್ಕದ ವಿಧಾನದಿಂದ ಆರಿಸುವುದು. ನೀವೇ ಬರೆಯಬೇಕಿಲ್ಲ. ಓಎಸ್‌ಆರ್‌ಎಂ, ವಲ್ಹಾಲಾ, ಗ್ರಾಫ್‌ಹಾಪರ್ ಅನ್ನುವ ದಾರಿ ಹುಡುಕುವ ಸಾಫ್ಟ್‌ವೇರ್ ಮೂರರಲ್ಲೂ ಇದು ಸಿದ್ಧವಾಗಿದೆ, ಮೂರೂ ಓಪನ್ ಸೋರ್ಸ್, ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶದ ಮೇಲೆ ಓಡುತ್ತವೆ. ನಿಮ್ಮ 10 ಸೆಕೆಂಡಿನ ಅಂತರಕ್ಕೂ ಇದು ಒಗ್ಗುತ್ತದೆ.

ಆದರೆ ಇಲ್ಲಿ ಒಂದು ಬಲೆ ಇದೆ. ಒಳ್ಳೆಯ ಎಂಜಿನಿಯರುಗಳೂ ಇದರಲ್ಲಿ ಬೀಳುವುದನ್ನು ನೋಡಿದ್ದೇನೆ. ನಿಖರತೆ ಹೆಚ್ಚಲಿ ಅಂತ 10 ಸೆಕೆಂಡನ್ನು 1 ಸೆಕೆಂಡ್ ಮಾಡುತ್ತಾರೆ, ಫಲಿತಾಂಶ ಕೆಡುತ್ತದೆ. ಕಾರಣ ಕೇಳಿ. ಈ ಲೆಕ್ಕ ಪ್ರತಿ ಬಿಂದುವಿನ ತಪ್ಪೂ ಬೇರೆ ಬೇರೆ, ಒಂದಕ್ಕೊಂದು ಸಂಬಂಧ ಇಲ್ಲ ಅಂತ ನಂಬಿಕೊಂಡಿದೆ. ನಿಜದಲ್ಲಿ ಎಡಗಡೆಯ ಒಂದು ದೊಡ್ಡ ಕಟ್ಟಡ 20 ಸೆಕೆಂಡ್ ಕಾಲ ಎಲ್ಲ ಬಿಂದುಗಳನ್ನೂ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಮೇಲಿನ ಉದಾಹರಣೆಯ 58ಕ್ಕೆ 42 ಅಂದರೆ 1.4ರಷ್ಟು ಮೇಲುಗೈ. ಅದೇ ತಪ್ಪು 20 ಸಲ ಮರುಕಳಿಸಿದರೆ ಗುಣಿಸುತ್ತಾ ಹೋಗಿ ಸುಮಾರು 800ಕ್ಕೆ 1 ಆಗುತ್ತದೆ. ಇರುವ ಸಾಕ್ಷ್ಯ ಒಂದೇ, ಸಿಸ್ಟಮ್ ಇಪ್ಪತ್ತು ಅಂತ ಎಣಿಸಿತು. ತಪ್ಪು ರಸ್ತೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡಿಸಿಕೊಳ್ಳಲಾರದೆ ಹೋಗುತ್ತದೆ. ನ್ಯೂಸನ್ ಮತ್ತು ಕ್ರಮ್ ಕೂಡ ಹಿಂದಿನ ಬಿಂದುವಿಗೆ ತೀರಾ ಹತ್ತಿರ ಇರುವ ಬಿಂದುಗಳನ್ನು ಲೆಕ್ಕದಿಂದ ಕೈಬಿಟ್ಟಿದ್ದರು. ನೀವೂ ಹಾಗೇ ಮಾಡಿ, ಇಲ್ಲವೇ ತಪ್ಪಿನ ಪ್ರಮಾಣವನ್ನು ಬೇಕಂತಲೇ ದೊಡ್ಡದಾಗಿ ಇಡಿ.

ದೂರದ ಜಗಳಕ್ಕೆ ಬರೋಣ. ಕಚ್ಚಾ ಬಿಂದುಗಳನ್ನು ಗೆರೆ ಎಳೆದು ಕೂಡಿಸಿದರೆ ಎರಡು ತಪ್ಪು ಎದುರುಬದುರು ಕೆಲಸ ಮಾಡುತ್ತವೆ. ತಿರುವಿನಲ್ಲಿ ಮೂಲೆ ಕತ್ತರಿಸಿ ದೂರ ಕಮ್ಮಿ ಆಗುತ್ತದೆ, ಅಡ್ಡಾದಿಡ್ಡಿ ಬಿಂದುಗಳಿಂದ ಜಾಸ್ತಿ ಆಗುತ್ತದೆ. ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ನಿಂತ ಗಾಡಿಯ ಬಿಂದು ಸುಮ್ನೆ ಅಲ್ಲಾಡುತ್ತಾ ಕಿಲೋಮೀಟರ್ ಕೂಡಿಸುತ್ತದೆ. ಅದರ ಮೇಲೆ ನೀವು ಅಂಟಿಸುವ ರೀತಿ ರಸ್ತೆಯಿಂದ ರಸ್ತೆಗೆ ಹಾರಿಸಿ ಇನ್ನಷ್ಟು ಸೇರಿಸಿದೆ. ಮ್ಯಾಚ್ ಆದ ದಾರಿಯ ಉದ್ದವನ್ನು ಅಳೆಯಿರಿ, ನಿಂತ ಹೊತ್ತನ್ನು ವೇಗ ನೋಡಿ ಬಿಡಿ, ಅರ್ಧಕ್ಕರ್ಧ ಜಗಳ ಅಲ್ಲೇ ತೀರುತ್ತದೆ.

ಹಾಗೆಯೇ ಪರದೆಯ ಮೇಲಿನ ಬಿಂದುವನ್ನೂ ಬಿಲ್ಲಿನ ದೂರವನ್ನೂ ಒಂದೇ ಲೆಕ್ಕದಿಂದ ತೆಗೆಯಬೇಡಿ. ಬಿಂದು ಈಗಲೇ ಬೇಕು, ಮುಂದೆ ಏನಾಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಬಿಲ್ಲು ಕಾಯಬಹುದು. ಪ್ರಯಾಣ ಮುಗಿದ ಮೇಲೆ ಇಡೀ ಸಾಲನ್ನು ಹಿಂದೆ ಮುಂದೆ ನೋಡಿ ತೀರ್ಮಾನಿಸಿದರೆ ಸರ್ವಿಸ್ ರೋಡಿನ ಗೊಂದಲ ಬಹುಪಾಲು ಕರಗುತ್ತದೆ, ಯಾಕಂದರೆ ಗಾಡಿ ಮುಂದೆ ಎಲ್ಲಿ ತಿರುಗಿತು ಅನ್ನುವುದೇ ಹಿಂದೆ ಯಾವ ರಸ್ತೆಯಲ್ಲಿತ್ತು ಅಂತ ಹೇಳಿಬಿಡುತ್ತದೆ. ಬಿಂದುವಿಗೂ ಒಂದೆರಡು ಲೊಕೇಶನ್ ಬರುವಷ್ಟು ತಡ ಕೊಟ್ಟು ನೋಡಿ, ಎಷ್ಟು ಶಾಂತವಾಗುತ್ತದೆ ಅಂತ ಗೊತ್ತಾಗುತ್ತದೆ.

ಮ್ಯಾಪ್ ತಪ್ಪಿದ್ದರೆ? ನನಗೆ ಅತ್ಯಂತ ಕಾಳಜಿ ಇರುವುದು ಈ ಅಪಾಯದ ಬಗ್ಗೆ. ಹೊಸ ರಸ್ತೆ ಮ್ಯಾಪಿಗೆ ಬಂದಿರುವುದಿಲ್ಲ, ಒನ್‌ವೇ ದಿಕ್ಕು ಬದಲಾಗಿರುತ್ತದೆ, ಎರಡು ರಸ್ತೆ ಸೇರುವ ಕಡೆ ಗೆರೆಗಳು ಮುಟ್ಟಿರುವುದೇ ಇಲ್ಲ. ಆಗ ಸಿಸ್ಟಮ್ ಮ್ಯಾಪನ್ನೇ ನಂಬಿ ಗಾಡಿಯನ್ನು ಬೇರೆ ರಸ್ತೆಯಲ್ಲಿ ಸುತ್ತಿಸುತ್ತದೆ, ನೋಡುವವರಿಗೆ ಎಲ್ಲ ಅಚ್ಚುಕಟ್ಟಾಗಿ ಕಾಣುತ್ತದೆ. ಕಚ್ಚಾ ಬಿಂದುವಿನ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಮ್ಯಾಪಿಗೆ ಅಂಟಿದ ತಪ್ಪು ಸರಿಯಾದ ಉತ್ತರದ ಹಾಗೇ ಕಾಣುತ್ತದೆ. ಇದಕ್ಕೆ ಮದ್ದು ಅಂದರೆ, ರಸ್ತೆಯಲ್ಲಿ ಇಲ್ಲ ಅನ್ನುವುದನ್ನೂ ಒಂದು ಸಾಧ್ಯತೆಯಾಗಿ ಇಡುವುದು. ಅದಕ್ಕೆ ಕಡಿಮೆ ಅಂಕ ಕೊಡಿ, ಆದರೆ ಸೊನ್ನೆ ಕೊಡಬೇಡಿ. ಒಂದೇ ಜಾಗದಲ್ಲಿ ಹಲವು ಗಾಡಿಗಳು ರಸ್ತೆ ಬಿಟ್ಟ ಹಾಗೆ ಕಂಡರೆ ಅಲ್ಲಿ ಮ್ಯಾಪ್ ತಿದ್ದಬೇಕು ಅಂತ ಅರ್ಥ. ಕಚ್ಚಾ ಬಿಂದುವನ್ನು ಯಾವತ್ತೂ ಅಳಿಸಬೇಡಿ, ಮ್ಯಾಚ್ ಆದದ್ದನ್ನು ಅದರ ಪಕ್ಕದಲ್ಲಿ ಇಡಿ. ಡ್ರೈವರ್ ಬಂದು ನಾನು ಆ ರಸ್ತೆಗೆ ಹೋಗೇ ಇಲ್ಲ ಅಂದರೆ ತೆಗೆದು ತೋರಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕಲ್ವಾ? ಸಾಧ್ಯತೆ 60:40 ಇರುವ ಕಡೆ ದಂಡ, ಕಡಿತ ಯಾವುದನ್ನೂ ಹಾಕಬೇಡಿ.

ಫ್ಲೈಓವರ್ ಕಷ್ಟದ್ದೇ. ಮೇಲೆ ಕೆಳಗೆ ಎರಡು ಗೆರೆಗಳೂ ಒಂದೇ ಜಾಗದಲ್ಲಿ ಇರುವುದರಿಂದ ಅಕ್ಷಾಂಶ ರೇಖಾಂಶದಿಂದ ಏನೂ ಗೊತ್ತಾಗದು, ಜಿಪಿಎಸ್ ಕೊಡುವ ಎತ್ತರವಂತೂ ಅಡ್ಡಲಾಗಿರುವ ತಪ್ಪಿಗಿಂತ ಜಾಸ್ತಿ ತಪ್ಪಿರುತ್ತದೆ. ಇಲ್ಲಿ ಮುಖ್ಯವಾದ ಕ್ಷಣ ರ‍್ಯಾಂಪ್ ಶುರುವಾಗುವ ಕಡೆ. ಗಾಡಿ ಏರಿತೋ ಪಕ್ಕಕ್ಕೆ ಹೋಯಿತೋ ಅಂತ ಅಲ್ಲಿ ಹಿಡಿದರೆ, ಮುಂದೆ ಇಳಿಯುವವರೆಗೂ ಅದೇ ಉತ್ತರ, ಯಾಕಂದರೆ ನಡುವೆ ಹಾರಲು ದಾರಿ ಇಲ್ಲ ಅಂತ ಮ್ಯಾಪಿಗೆ ಗೊತ್ತು. ಫೋನಿನಲ್ಲಿ ಬ್ಯಾರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಸಮುದ್ರ ಮಟ್ಟದ ಆಸುಪಾಸಿನಲ್ಲಿ ಒಂದು ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು 12 ಪಾಸ್ಕಲ್ ಇಳಿಯುತ್ತದೆ, ಏಳು ಮೀಟರ್ ರ‍್ಯಾಂಪಿಗೆ 80 ದಾಟುತ್ತದೆ. ಅಷ್ಟನ್ನು ಫೋನಿನ ಸೆನ್ಸರ್ ಚೆನ್ನಾಗಿ ಹಿಡಿಯುತ್ತದೆ. ಕಿಟಕಿ ಇಳಿಸಿದರೂ ಒಂದಿಷ್ಟು ಅಲುಗುತ್ತದೆ, ಆದ್ದರಿಂದ ರ‍್ಯಾಂಪಿನ ಉದ್ದಕ್ಕೂ ನಿಧಾನವಾಗಿ ಆದ ಬದಲಾವಣೆಯನ್ನು ಮಾತ್ರ ನಂಬಿ.

ಕಟ್ಟಡಗಳ ನಡುವಿನ ಪಕ್ಕದ ತಪ್ಪಿಗೆ ಮ್ಯಾಪಿನ ಇನ್ನೊಂದು ಉಪಯೋಗ ಇದೆ. ಕಟ್ಟಡಗಳ ಎತ್ತರ ಗೊತ್ತಿದ್ದರೆ, ರಸ್ತೆಯ ಈ ಬದಿಯಲ್ಲಿ ನಿಂತವನಿಗೆ ಯಾವ ಉಪಗ್ರಹ ನೇರ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು. ನಿಜವಾಗಿ ಬಂದ ಸಿಗ್ನಲ್ ಯಾವ ಬದಿಗೆ ಹೊಂದುತ್ತದೆ ಅಂತ ನೋಡಿದರೆ ಬದಿ ಗೊತ್ತಾಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಾಲ್ ಗ್ರೋವ್ಸ್ ಇದನ್ನು 2011ರಲ್ಲಿ ಶ್ಯಾಡೋ ಮ್ಯಾಚಿಂಗ್ ಅಂತ ಮುಂದಿಟ್ಟರು. ಗೂಗಲ್ 2020ರಲ್ಲಿ 3ಡಿ ಕಟ್ಟಡಗಳ ನೆರವಿನ ತಿದ್ದುಪಡಿಯನ್ನು ಕೆಲವು ಪಿಕ್ಸೆಲ್ ಫೋನುಗಳಿಗೆ ತಂದಿತು. ಸಣ್ಣ ತಂಡ ಕೈಹಾಕುವ ಕೆಲಸ ಅಲ್ಲ ಇದು. ಫೋನಿನಲ್ಲೇ ಬಂದರೆ ಲಾಭ ತಗೊಳ್ಳಿ, ಅಷ್ಟೇ.

ಮ್ಯಾಪಿನ ಬಲ ಎಷ್ಟು ಅಂತ ಅನುಮಾನ ಇರುವ ನಿಮ್ಮ ತಂಡದವರಿಗೆ ಇಟಾಕ್ ನ್ಯಾವಿಗೇಟರ್ ಕಥೆ ಹೇಳಿ. 1985ರಲ್ಲಿ ಅಮೆರಿಕದಲ್ಲಿ ಬಂದ ಕಾರಿನ ಯಂತ್ರ ಅದು. ಜಿಪಿಎಸ್ ಆಗ ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ, ಪೂರ್ಣ ಸೇವೆ ಶುರುವಾದದ್ದು 1995ರಲ್ಲಿ. ಚಕ್ರದ ಸೆನ್ಸರ್, ಒಂದು ದಿಕ್ಸೂಚಿ, ಕ್ಯಾಸೆಟ್ ಟೇಪಿನಲ್ಲಿ ಮ್ಯಾಪ್, ಇಷ್ಟೇ ಅದರ ಬಂಡವಾಳ. ಓಡಿದ ದೂರ ಮತ್ತು ದಿಕ್ಕಿನಿಂದ ಜಾಗ ಅಂದಾಜು ಮಾಡುವುದಕ್ಕೆ ಡೆಡ್ ರೆಕನಿಂಗ್ ಅನ್ನುತ್ತಾರೆ. ಅದರಲ್ಲಿ ತಪ್ಪು ಬೆಳೆಯುತ್ತಲೇ ಹೋಗುತ್ತದೆ, ದಿಕ್ಕು ಒಂದೇ ಡಿಗ್ರಿ ತಪ್ಪಿದರೂ 100 ಮೀಟರಿಗೆ 1.75 ಮೀಟರ್ ಪಕ್ಕಕ್ಕೆ. ರಸ್ತೆಯ ಮೇಲೆ ಇದ್ದೇನೆ ಅಂತ ಗೊತ್ತಾದ ಕೂಡಲೇ ಆ ಪಕ್ಕದ ತಪ್ಪು ಅಳಿಯುತ್ತದೆ, ರಸ್ತೆಯ ಉದ್ದಕ್ಕೆ ಎಷ್ಟು ಮುಂದೆ ಅನ್ನುವುದೊಂದೇ ಉಳಿಯುತ್ತದೆ. ಕಾರು ತಿರುಗಿತಾ? ತಿರುವು ಇರುವ ಜಾಗ ಮ್ಯಾಪಿನಲ್ಲಿದೆ, ಆ ತಪ್ಪೂ ಹೋಯಿತು. ಸುರಂಗದಲ್ಲಿ ನಿಮಗೆ ಬೇಕಾದದ್ದೂ ಇದೇ. ವೇಗ ಎಷ್ಟು ಬದಲಾಗುತ್ತಿದೆ ಅಂತ ಅಳೆಯುವ ಫೋನಿನ ಆಕ್ಸಿಲರೋಮೀಟರ್ ಒಂದನ್ನೇ ನಂಬಿ ದೂರ ತೆಗೆಯಬೇಡಿ. ಸೆಕೆಂಡಿಗೆ ಸೆಕೆಂಡಿಗೆ 0.01 ಮೀಟರ್‌ನಷ್ಟು ಸಣ್ಣ ತಪ್ಪು ಒಂದು ನಿಮಿಷದಲ್ಲಿ 18 ಮೀಟರ್ ಆಗುತ್ತದೆ. ಗಾಡಿಯ ಎಂಜಿನ್ ಮಾಹಿತಿ ಓದಲು ಇರುವ ಓಬಿಡಿ ಪೋರ್ಟಿನಿಂದ ವೇಗ ಸಿಕ್ಕರೆ ಎಷ್ಟೋ ವಾಸಿ.

ಪಾರ್ಟಿಕಲ್ ಫಿಲ್ಟರ್ ರಸ್ತೆಗೆ ಬೇಡ, ಮೇಲೆ ಹೇಳಿದ ನ್ಯೂಸನ್ ಮತ್ತು ಕ್ರಮ್ ವಿಧಾನವೇ ಸಾಕು. ಅದರ ಜಾಗ ಕಟ್ಟಡದ ಒಳಗೆ. ಸಾವಿರಾರು ಊಹೆಗಳನ್ನು ಹರಡುತ್ತೀರಿ, ಪ್ರತಿಯೊಂದನ್ನೂ ಸೆನ್ಸರ್ ಹೇಳಿದಂತೆ ಸರಿಸುತ್ತೀರಿ, ಗೋಡೆ ದಾಟಿದ ಊಹೆಯನ್ನು ತೆಗೆದುಹಾಕುತ್ತೀರಿ. ಉದ್ದ ಕಾರಿಡಾರ್, ಸಾಲು ಕಂಬ ಇದ್ದರೆ ಬೇಗ ಒಂದು ಕಡೆ ಕೂಡಿಕೊಳ್ಳುತ್ತವೆ. ಬಯಲಿನಂಥ ಹಾಲ್‌ನಲ್ಲಿ, ಎಡ ಬಲ ಒಂದೇ ಥರ ಇರುವ ಕಟ್ಟಡದಲ್ಲಿ ಮ್ಯಾಪಿಗೂ ಹೇಳಲು ಏನೂ ಇರುವುದಿಲ್ಲ. ಸರಿಯಾದ ಊಹೆಗಳೆಲ್ಲ ಒಂದು ತಪ್ಪು ಗೋಡೆಯಿಂದ ಸತ್ತುಹೋದರೆ ಸಿಸ್ಟಮ್ ಮತ್ತೆ ಎದ್ದೇಳುವುದಿಲ್ಲ, ಅದಕ್ಕೆ ಆಗಾಗ ಕೆಲವು ಹೊಸ ಊಹೆಗಳನ್ನು ಅಲ್ಲಲ್ಲಿ ಚೆಲ್ಲುತ್ತಿರಬೇಕು.

ಬೇಸ್‌ಮೆಂಟ್‌ನಲ್ಲಿ ನಿಮಗೆ ಬೇಕಾಗಿರುವುದು ಮಹಡಿ ಮಾತ್ರ ಆದ್ದರಿಂದ ಅಷ್ಟೆಲ್ಲ ಬೇಡ. ಒಳಗೆ ಇಳಿಯುವ ಬಾಗಿಲಿನಲ್ಲಿ ಒತ್ತಡವನ್ನು ಸೊನ್ನೆ ಅಂತ ಗುರುತು ಹಾಕಿ, ಅಲ್ಲಿಂದ ಎಷ್ಟು ಏರಿತು ನೋಡಿ. ಮೂರು ಮೀಟರಿನ ಒಂದು ಮಹಡಿಗೆ ಸುಮಾರು 36 ಪಾಸ್ಕಲ್. ಸುರುಳಿ ರ‍್ಯಾಂಪ್ ಆದರೆ ತಿರುಗುವುದನ್ನು ಅಳೆಯುವ ಫೋನಿನ ಗೈರೋ ಸೆನ್ಸರ್ ಸುತ್ತು ಎಣಿಸುತ್ತದೆ, ಎಷ್ಟು ಸುತ್ತಿಗೆ ಒಂದು ಮಹಡಿ ಅಂತ ಕಟ್ಟಡದ ಪ್ಲಾನ್ ನೋಡಿ ಒಮ್ಮೆ ಬರೆದಿಟ್ಟರೆ ಸಾಕು. ಎರಡೂ ಒಂದೇ ಉತ್ತರ ಕೊಟ್ಟರೆ ತೋರಿಸಿ, ಬೇರೆ ಬೇರೆ ಬಂದರೆ ಮಹಡಿ ಖಚಿತವಿಲ್ಲ ಅಂತಲೇ ತೋರಿಸಿ. ಹವಾಮಾನ ಬದಲಾದರೂ ಒತ್ತಡ ಬದಲಾಗುತ್ತದೆ, ಹಾಗಾಗಿ ಗಂಟೆಗಟ್ಟಲೆ ನಿಂತ ಗಾಡಿಯ ಮಹಡಿಯನ್ನು ಮತ್ತೆ ಮತ್ತೆ ಲೆಕ್ಕ ಹಾಕಬೇಡಿ. ಗಾಡಿ ನಿಂತು ಫೋನಿನಲ್ಲಿ ನಡಿಗೆಯ ಹೆಜ್ಜೆ ಶುರುವಾದ ಕೂಡಲೇ ಗಾಡಿಯ ಜಾಗವನ್ನು ಅಲ್ಲಿಗೇ ಗಟ್ಟಿ ಮಾಡಿ. ಇಲ್ಲದಿದ್ದರೆ ಡ್ರೈವರ್ ಲಿಫ್ಟ್ ಹತ್ತಿದಾಗ ನಿಮ್ಮ ಗಾಡಿಯೂ ಅವರ ಜೊತೆ ಮೇಲಕ್ಕೆ ಹೋಗುತ್ತದೆ.